ಸೋಮವಾರ ಬದುಕಿದ ಉಣ್ಣೆಗಳು

ಉಣ್ಣೆ ಅಂದರೆ ಮುಖ ಸಿಂಡರಿಸುವವರನ್ನು ಕಂಡರೆ ನನಗೆ ಈಗಲೂ ರೇಗುತ್ತದೆ. ದನದ ರಕ್ತ ಹೀರುತ್ತದೆ, ನಿಜ. ಆದರೆ ಅದಕ್ಕಿರುವ ತಾಳ್ಮೆ ನಮ್ಮಲ್ಲಿ ಯಾರಿಗಿದೆ, ಹೇಳಿ ನೋಡೋಣ!

ತೊಂಬತ್ತರ ದಶಕದಲ್ಲಿ ಹೆಬ್ಬೂರಿನ ನಮ್ಮ ಮನೆಯಲ್ಲಿ ಒಂದೇ ಒಂದು ಸೀಮೆಹಸು ಇತ್ತು. ಅಜ್ಜಿ ದಿನಾ ಅದರ ಕಿವಿ, ಕೆಚ್ಚಲು ತಡವಿ ಉಣ್ಣೆ ಕಿತ್ತು ಸೀಮೆಎಣ್ಣೆಯ ಕರಟಕ್ಕೆ ಹಾಕುತ್ತಿದ್ದಳು. ಸೋಮವಾರ ಮಾತ್ರ ಕರಟ ಮುಟ್ಟುತ್ತಿರಲಿಲ್ಲ. ಅದು ಬಸವಣ್ಣನ ವಾರ. ಎತ್ತಿಗೇ ನೊಗ ಹೂಡದ ದಿನ ಜೀವ ತೆಗೆಯುವುದುಂಟೇ? ರಕ್ತ ಕುಡಿದು ಹರಳುಬೀಜದಷ್ಟು ಊದಿದವನ್ನು ಬಿಡಿಸಿ, "ಹೋಗು, ಬದುಕ್ಕೋ" ಅಂತ ಕೊಟ್ಟಿಗೆ ಹಿಂದಿನ ಹುಲ್ಲಿಗೆ ಬಿಡುತ್ತಿದ್ದಳು.

ಅಂಥದ್ದೊಂದನ್ನು ನಾನು ಟಾನಿಕ್ ಬಾಟಲಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿಟ್ಟೆ. ಕೆಲವು ದಿನಕ್ಕೆ ಅದು ಕಂದು ಮೊಟ್ಟೆಗಳನ್ನು ಗುಡ್ಡೆ ಹಾಕತೊಡಗಿತು. ಮೊಟ್ಟೆ ಹೆಚ್ಚಿದಂತೆ ತಾನು ಸುಕ್ಕುಗಟ್ಟಿ, ಅಲ್ಲೇ ಸತ್ತಿತು. ವಾರಗಳ ಮೇಲೆ ಧೂಳಿನಂಥ ಮರಿಗಳು, ಎಣಿಸಲಾಗದಷ್ಟು! ಎಂಟು ಕಾಲಿನ ತಾಯಿಗೆ ಆರೇ ಕಾಲಿನ ಮಕ್ಕಳು. ತಿಂಗಳಾದರೂ ಅನ್ನ ನೀರಿಲ್ಲದೆ ಬದುಕಿದ್ದವು. ಬಟ್ಟೆಯ ಮೇಲೆ ಉಸಿರು ಊದಿದರೆ ಸಾಕು, ಎಲ್ಲವೂ ಮುಂಗಾಲು ಎತ್ತಿ ಚಾಚುತ್ತಿದ್ದವು. ಅವಕ್ಕೆ ವಾಸನೆ ತಿಳಿಯುವುದೇ ಮುಂಗಾಲಿನಲ್ಲಂತೆ. ಹುಲ್ಲಿನ ತುದಿಯಲ್ಲಿ ಹೀಗೇ ದನಕ್ಕಾಗಿ ಕಾಯುತ್ತವೆ. ಅಬ್ಬಬ್ಬಾ!

ಅಷ್ಟರಲ್ಲಿ ಹಸುವಿಗೆ ಜ್ವರ ಬಂತು. ಮೇವು ಬಿಟ್ಟಿತು, ಗಂಜಲ ಕಾಫಿ ಬಣ್ಣಕ್ಕೆ ತಿರುಗಿತು. ಕುಣಿಗಲ್‌ನಿಂದ ಬಂದ ದನದ ಡಾಕ್ಟರು ಇಂಜೆಕ್ಷನ್ ಕೊಟ್ಟು, "ಉಣ್ಣೆಯಿಂದ ಬಂದ ಜ್ವರ. ಉಳಿಯೋದು ಕಷ್ಟ ಅಜ್ಜಿ. ಉಣ್ಣೆ ಕೀಳಲ್ವಾ?" ಅಂದರು.

"ದಿನಾ ಕೀಳ್ತೀನಿ ಸ್ವಾಮಿ. ಸೋಮ್ವಾರ ಮಾತ್ರ ಹುಲ್ಲಿಗೆ ಬುಡ್ತೀನಿ."

ಆ ಹುಲ್ಲನ್ನೇ ಕೊಯ್ದು ನಾವು ಹಸುವಿಗೆ ಹಾಕುತ್ತಿದ್ದುದು. ನಾನು ಬಾಟಲಿ ತಂದು ತೋರಿಸಿದೆ. "ಅಜ್ಜಿ, ಇದೆಲ್ಲ ಒಂದೇ ಉಣ್ಣೆಯ ಮರಿ." ಅಜ್ಜಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಅಯ್ಯೋ, ಮನೆಗೆ ಮಾರಿ ಊರಿಗುಪಕಾರಿ ಆದ್ನಲ್ಲೇ!" ಎಂದು ಎದೆ ಬಡಿದುಕೊಂಡಳು. ಆಗ ಆ ಬಾಟಲಿ ಯಾಕಾದರೂ ತಂದೆನೋ ಅನ್ನಿಸಿತು.

ಮಾರನೇ ದಿನ ಸೋಮವಾರ. ಅಜ್ಜಿ ಕರಟ ಹಿಡಿದು ಹಸುವಿನ ಪಕ್ಕ ಕೂತಳು. ಅದರ ಕಿವಿ ತಡವತೊಡಗಿದಳು.

"ಇವತ್ತು ಸೋಮವಾರ ಅಜ್ಜಿ."

"ಗೊತ್ತು ಕಣೇ. ಪಾಪ ಬಂದ್ರೆ ನಂಗೇ ಬರ್ಲಿ, ಇವ್ಳು ಉಳೀಲಿ."

ಹಸು ಉಳಿಯಿತು. ಅಜ್ಜಿ ಮತ್ತೆ ಯಾವ ಸೋಮವಾರವೂ ಉಣ್ಣೆಯನ್ನು ಹುಲ್ಲಿಗೆ ಬಿಡಲಿಲ್ಲ, ಕರಟಕ್ಕೇ ಹಾಕಿದಳು. ಆದರೆ ತಾನು ಸಾಯುವ ತನಕ ಸೋಮವಾರ ಊಟ ಮುಟ್ಟಲಿಲ್ಲ. ಗದರಿಸಿದರೆ, "ಅದೂ ಮಕ್ಳು ಹೆರೋಕಿದ್ದ ಜೀವ ಕಣೇ" ಅನ್ನುತ್ತಿದ್ದಳು.