ಮೆಡಿಕಲ್ ಆಗೂತನಕ

ಬಸವಕಲ್ಯಾಣದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಪಿ.ಟಿ. ಮಾಸ್ತರು ಕಾಂಪೌಂಡ್ ಗೋಡೆಗೆ ಕನ್ನಡಿ ಒರಗಿಸಿ, ಗಲ್ಲಕ್ಕೆ ಸೋಪು ಹಚ್ಚಿಕೊಂಡೇ ಮೊಬೈಲಿನಲ್ಲಿ ಜಗಳಾಡುತ್ತಿದ್ದರು. ಅದು ಫುಟ್‌ಬಾಲ್ ಹುಚ್ಚರ ವಾಟ್ಸಾಪ್ ಗುಂಪು. ಯಾವ ಆಟಗಾರ ಯಾವ ತಂಡಕ್ಕೆ ಹೋಗುತ್ತಾನೆ, ಅವನ ಬೆಲೆ ಎಷ್ಟು ಎಂಬುದೇ ಅಲ್ಲಿನ ತಕರಾರು. ಗಾಳಿಸುದ್ದಿ ತರುವುದರಲ್ಲಿ ಹುಮನಾಬಾದಿನ ಔಷಧ ಅಂಗಡಿಯವರೊಬ್ಬರು ಎಲ್ಲರಿಗಿಂತ ಮುಂದು. ಮಾಸ್ತರರದು ಒಂದೇ ಪ್ರಶ್ನೆ: "ಮೆಡಿಕಲ್ ಆಗೇದೇನ್ರಿ?"

"ಹಂಗಂದ್ರ ಏನ್ರಿ ಮಾಸ್ತರ್?" ಎಂದು ಒಮ್ಮೆ ಕೇಳಿದೆ.

"ಹೊಸ ತಂಡದ ಡಾಕ್ಟರ್ ಆಟಗಾರನ್ನ ಪರೀಕ್ಷಾ ಮಾಡ್ತಾರ್ರಿ ಅಕ್ಕಾರ. ಅದಕ್ಕ ಮೆಡಿಕಲ್ ಅಂತಾರ. ಅದು ಆಗೂತನಕ ಎಲ್ಲಾ ಖಾಲಿ ಮಾತು."

ಅವರ ಶಾಲೆ ಮುಡಬಿಯ ಕಡೆ. ಹೆಂಡತಿ, ಮಗಳು ಹುಮನಾಬಾದಿನಲ್ಲಿ. ಶನಿವಾರವಷ್ಟೇ ಆ ಬಸ್ಸು ಹತ್ತುತ್ತಿದ್ದರು. "ಈ ಸಲ ನಿಮ್ಮ ಟ್ರಾನ್ಸ್‌ಫರ್ ಆಗ್ತದಂತಲ್ರಿ" ಎಂದರೆ ರೇಜರು ಒಂದು ಕ್ಷಣ ನಿಲ್ಲುತ್ತಿತ್ತು. "ಮೆಡಿಕಲ್ ಆಗ್ಲಿ ಬಿಡ್ರಿ" ಎಂದು ಮತ್ತೆ ಕೆರೆದುಕೊಳ್ಳುತ್ತಿದ್ದರು.

ಕಳೆದ ವರ್ಷ ಆದೇಶ ಬಂದೇಬಿಟ್ಟಿತು, ಹುಮನಾಬಾದಿಗೇ. ಮಾಸ್ತರು ಗುಂಪಿನಲ್ಲಿ ಹಾಕಿದ ಕೂಡಲೇ ಅಲ್ಲಿಯವರು ಅವರಿಗೂ ಬೆಲೆ ಕಟ್ಟಿದರು: "ಮೊಣಕಾಲ್ ನೋವದ. ಪುಕ್ಕಟ ಕೊಟ್ರ ತಗೋತೀವಿ." ಔಷಧ ಅಂಗಡಿಯವರು ಮಾತ್ರ ಕೇಳಿದರು: "ಮೆಡಿಕಲ್ ಆಗೇದೇನ್ರಿ?"

ಮಾಸ್ತರು ಊರು ಬಿಟ್ಟ ಮರುದಿನ ನನಗೂ ಒಂದು ಫೋಟೋ ಬಂತು. ಅಂಗಡಿಯ 'ಮೆಡಿಕಲ್' ಬೋರ್ಡಿನ ಕೆಳಗೆ ಇಬ್ಬರೂ ಹೆಗಲ ಮೇಲೆ ಕೈಹಾಕಿ ನಿಂತಿದ್ದಾರೆ. ಮಾಸ್ತರರ ಕೈಯಲ್ಲಿ ಮೊಣಕಾಲಿನ ಮುಲಾಮು. ಕೆಳಗೆ ಬರೆದಿದ್ದರು: "ಆಯ್ತ್ರಿ."