ನಾಲ್ಕು ಗಂಟೆಯ ಸೊನಾಟ

ಒಟಿಲಿಯೆ ಬ್ರೆಂಡೆಲ್‌ಗೆ ಐವತ್ತೆರಡು ತುಂಬಿದ ವರ್ಷ, ಅಂದರೆ ಸಾವಿರದ ಒಂಬೈನೂರ ಇಪ್ಪತ್ತಾರರ ಆಗಸ್ಟಿನಲ್ಲಿ, ಅವಳು ಸೊನಾಟ, ಅಂದರೆ ಹಲವು ಭಾಗಗಳ ಒಂದು ಪಿಯಾನೋ ಕೃತಿ, ಬರೆಯಲು ಕೂತಳು. ಅಲ್ಲಿಯವರೆಗೆ ಸ್ವಂತದ್ದೆಂದು ಒಂದು ಸಾಲೂ ಬರೆದವಳಲ್ಲ. ಸ್ಯಾಕ್ಸನಿಯ ಬೆಟ್ಟದ ಬುಡದ ಲಿಂಡೆನ್‌ಟಾಲ್‌ನಲ್ಲಿ ಲೇಸು ಹೆಣೆಯುವವರ ಮಕ್ಕಳಿಗೆ, ಕಾಗದದ ಕಾರ್ಖಾನೆಯ ಗುಮಾಸ್ತರ ಮಕ್ಕಳಿಗೆ ಮೂವತ್ತು ವರ್ಷ ಪಿಯಾನೋ ಕಲಿಸಿದ್ದಳು. ಮದುವೆಯಾಗಿರಲಿಲ್ಲ. ಅವಳ ಕಿವಿಗೆ ಹಿಡಿಸುತ್ತಿದ್ದದ್ದು ಅಜ್ಜಂದಿರ ಕಾಲದ ಸಂಗೀತ: ಬಲಗೈಯಲ್ಲಿ ಉಸಿರು ಹಿಡಿದು ಹಾಡುವ ರಾಗ, ಅದರಡಿಯಲ್ಲಿ ಹೊಳೆಯ ಹಾಗೆ ಉರುಳುವ ಎಡಗೈ.

ಚರ್ಚಿನಲ್ಲಿ ಆರ್ಗನ್ ನುಡಿಸುವ ಲೌಟೆನ್‌ಶ್ಲೇಗರ್ ಮೊದಲ ಪುಟಗಳನ್ನು ನೋಡಿ ನಕ್ಕ.

"ಈ ಕಾಲದಲ್ಲಿ ಇದನ್ನ ಯಾರು ಕೇಳ್ತಾರ್ರೀ? ಅಜ್ಜಿ ಲಂಗ ಹಾಕ್ಕೊಂಡು ಮದ್ವೆಗೆ ಹೊರಟ ಹಾಗಿದೆ."

"ನನ್ನ ಮೈಗೆ ಸರಿಯಾಗಿ ಕೂರೋದು ಆ ಲಂಗಾನೇ," ಎಂದಳು ಒಟಿಲಿಯೆ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಅವಳು ಹಿತ್ತಿಲಿಗೆ ಹೋದಾಗ ಮಹಡಿಮನೆಯ ಹುಲ್ಡಾ ಹಾಸಿಗೆಬಟ್ಟೆ ಒಣಹಾಕುತ್ತಾ ಏನೋ ಗುನುಗುತ್ತಿದ್ದಳು. ಹುಲ್ಡಾ ಕೈಗವಸು ಹೊಲಿದು ಬದುಕುವ ವಿಧವೆ, ಅರವತ್ತರ ಹತ್ತಿರದವಳು. ಸ್ವರಜ್ಞಾನಕ್ಕೂ ಅವಳಿಗೂ ದೂರ. ಗುನುಗುತ್ತಿದ್ದದ್ದು ಸೊನಾಟದ ನಿಧಾನಭಾಗ. ಮಹಡಿಯ ಹಲಗೆ ತೆಳು, ಕೇಳಿಸಿಕೊಂಡಿರಬೇಕು ಎಂದುಕೊಂಡು ಒಟಿಲಿಯೆ ಮುಗುಳ್ನಕ್ಕಳು. ಆಮೇಲೆ ರಾಗ ಅವಳು ಬರೆದು ನಿಲ್ಲಿಸಿದ್ದ ಜಾಗ ದಾಟಿ ಮುಂದೆ ಹೋಯಿತು. ಕೆಳಗಿಳಿದು, ಮೂರು ಮೆಟ್ಟಿಲು ಹತ್ತಿ, ಮತ್ತೆ ತಿರುಗಿತು.

"ಹುಲ್ಡಕ್ಕ, ಇದನ್ನ ಎಲ್ಲಿ ಕೇಳಿದ್ರಿ?"

"ಎಲ್ಲಿ ಅಂದ್ರೆ? ದಿನಾ ನಾಲ್ಕು ಗಂಟೆಗೆ ನೀವೇ ಬಾರಿಸ್ತೀರಲ್ಲ ಟೀಚರಮ್ಮ. ಈಸ್ಟರ್ ಹಬ್ಬದಿಂದ ಕೇಳ್ತಾ ಇದೀನಿ. ಹೊಲಿಯೋಕೆ ಕೈ ಚೆನ್ನಾಗಿ ಓಡುತ್ತೆ."

ಈಸ್ಟರ್ ಹೊತ್ತಿಗೆ ಸೊನಾಟದ ಯೋಚನೆಯೂ ಇರಲಿಲ್ಲ. ಶನಿವಾರ, ಭಾನುವಾರ ಬಿಟ್ಟರೆ ನಾಲ್ಕು ಗಂಟೆಗೆ ಅವಳು ಹೆಣ್ಣುಮಕ್ಕಳ ಶಾಲೆಯಲ್ಲಿ ಹಾಡು ಹೇಳಿಕೊಡುತ್ತಿದ್ದಳು. ಮನೆಗೆ ಬೀಗ, ಬೀಗದಕೈ ಅವಳ ಜೇಬಿನಲ್ಲಿ.

ಒಳಗೆ ಬಂದು ಪಿಯಾನೋ ಮುಂದೆ ಕೂತು, ಹುಲ್ಡಾ ಗುನುಗಿದ್ದನ್ನು ನುಡಿಸಿ ನೋಡಿದಳು. ಬೆರಳುಗಳು ತಡವರಿಸಲಿಲ್ಲ, ಮನೆಯ ದಾರಿ ಹಿಡಿದವರ ಹಾಗೆ ನಡೆದವು.

ಶನಿವಾರ ಅವಳು ಪಿಯಾನೋ ಮುಚ್ಚಳಕ್ಕೆ ಬೀಗ ಹಾಕಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಗಡಿಯಾರ ನಾಲ್ಕು ಹೊಡೆಯಿತು. ಕೋಣೆಯಲ್ಲಿ ಒಂದು ಸದ್ದೂ ಇಲ್ಲ. ಆದರೆ ಮೇಲೆ ಹುಲ್ಡಾಳ ಹೊಲಿಗೆಯಂತ್ರ ತಾಳ ಹಿಡಿದು ಓಡತೊಡಗಿತು. ಅದರ ಜೊತೆಗೆ ಗುನುಗು. ನುಡಿಸುವವರು ಪುಟ ತಿರುವುವ ಕಡೆಯಲ್ಲೆಲ್ಲ ಗುನುಗು ಒಂದು ಗಳಿಗೆ ನಿಲ್ಲುತ್ತಿತ್ತು.

ಒಟಿಲಿಯೆ ಮೆಟ್ಟಿಲು ಹತ್ತಿ ಹೋದಳು.

"ಇವತ್ತು ಎಷ್ಟು ಚಂದ ಬಾರಿಸಿದ್ರಿ," ಎಂದಳು ಹುಲ್ಡಾ.

"ನಾನು ಮುಟ್ಟಲೇ ಇಲ್ಲ ಹುಲ್ಡಕ್ಕ. ಬೀಗ ಹಾಕಿದೆ."

ಹುಲ್ಡಾ ಯಂತ್ರದ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದಳು. "ಹಾಗಾದ್ರೆ ನಾನು ಯಾರ ಕೈ ಕೇಳ್ತಾ ಇದೀನಿ?" ಎಂದಳು.

ಯಾರೋ ಸತ್ತವರ ರಾಗವನ್ನು ತಾನು ಕದಿಯುತ್ತಿದ್ದೇನೆ ಎಂಬ ಭಯ ಒಟಿಲಿಯೆಯನ್ನು ಹಿಡಿಯಿತು. ಹಿಂದೆ ಆ ಮನೆಯಲ್ಲಿದ್ದವರನ್ನೆಲ್ಲ ವಿಚಾರಿಸಿದಳು. ಯಾರಲ್ಲೂ ಪಿಯಾನೋ ಇರಲಿಲ್ಲ. ಲೌಟೆನ್‌ಶ್ಲೇಗರ್ ಎರಡು ಕಪಾಟು ಹಳೆಯ ಪುಸ್ತಕ ತಿರುವಿ ಹಾಕಿ, "ಇದು ಯಾರದ್ದೂ ಅಲ್ಲ, ನಿಮ್ಮದೇ. ಈ ಹುಚ್ಚು ಇನ್ಯಾರಿಗಿದೆ?" ಎಂದ. ಅವಳಿಗೆ ಸಮಾಧಾನವಾಗಲಿಲ್ಲ. ತನ್ನ ಕಿವಿಗೆ ಬೀಳುವಂತೆ ಗುನುಗಬೇಡಿ ಎಂದು ಹುಲ್ಡಾಳನ್ನು ಕೇಳಿಕೊಂಡು, ಕೊನೆಯ ಭಾಗವನ್ನು ಒಬ್ಬಳೇ ಬರೆದಳು. ಮೂರು ಸಲ ಬರೆದು ಮೂರು ಸಲ ಒಲೆಗೆ ಹಾಕಿದಳು. ಡಿಸೆಂಬರ್ ಮೊದಲ ವಾರ ನಾಲ್ಕನೆಯದು ಮುಗಿಯಿತು.

ಆವತ್ತೇ ಮೇಲೆ ಹೋಗಿ, "ಈಗ ಕೊನೆಭಾಗ ಗುನುಗಿ," ಎಂದಳು.

ಹುಲ್ಡಾ ಗುನುಗಿದಳು. ಸ್ವರಕ್ಕೆ ಸ್ವರ ಅದೇ. ಒಂದು ಕಡೆ ಮಾತ್ರ ನಿಲ್ಲಿಸಿ, "ಇಲ್ಲಿ ನೀವು ಎಡವ್ತೀರಿ. 'ಚ್' ಅಂತ ನಾಲಿಗೆ ಲೊಚಗುಟ್ಟಿ, ಮತ್ತೆ ಹಿಂದಿನಿಂದ ಶುರು ಮಾಡ್ತೀರಿ," ಎಂದಳು.

ತಪ್ಪಿದಾಗ ಲೊಚಗುಟ್ಟುವುದು ಒಟಿಲಿಯೆಯ ಚಾಳಿ. ಶಿಷ್ಯರೆಲ್ಲ ಅದನ್ನು ಅಣಕಿಸುತ್ತಿದ್ದರು. ಅವಳಿಗೆ ಒಮ್ಮೆಗೇ ಅರ್ಥವಾಯಿತು. ಸೊನಾಟ ಈಗಷ್ಟೇ ಮುಗಿದಿದೆ, ಹುಲ್ಡಾಗೆ ಈಸ್ಟರ್‌ನಿಂದಲೇ ಪೂರ್ತಿ ಕೇಳಿಸಿದೆ. ನಡುವೆ ಎಂಟು ತಿಂಗಳು. ಇವಳ ಕಿವಿಗೆ ಬೀಳುತ್ತಿರುವುದು ಎಂಟು ತಿಂಗಳ ಆಚೆಯದು.

"ಅದು ನಾನೇ ಹುಲ್ಡಕ್ಕ. ಇನ್ನು ಮುಂದೆ ಬಾರಿಸಬೇಕಾಗಿರೋ ನಾನು." ಎಷ್ಟೋ ವಾರಗಳ ಮೇಲೆ ಅವಳು ನಕ್ಕಳು.

ಹುಲ್ಡಾ ನಗಲಿಲ್ಲ. "ಹೋದ ವಾರದಿಂದ ಎಡಗೈ ಕೇಳಿಸ್ತಾ ಇಲ್ಲ ಟೀಚರಮ್ಮ. ಬರೀ ಮೇಲಿನ ರಾಗ. ಕೈ ನೋವಿರಬೇಕು ಅಂದ್ಕೊಂಡು ಸುಮ್ಮನಿದ್ದೆ."

ಒಟಿಲಿಯೆ ಬೆರಳು ಮಡಚಿ ಲೆಕ್ಕ ಹಾಕಿದಳು. ಆಗಸ್ಟ್.

ಶಾಲೆಯ ಕೆಲಸ ಬಿಟ್ಟು, ಮರುದಿನದಿಂದ ನಾಲ್ಕಕ್ಕೆ ಸರಿಯಾಗಿ ನುಡಿಸಲು ಕೂತಳು. ಫೆಬ್ರವರಿಯಲ್ಲಿ ಕಸುಬುದಾರರ ಸಂಘದ ಸಭಾಂಗಣದಲ್ಲಿ ಊರಿನವರ ಮುಂದೆ ಸೊನಾಟ ನುಡಿಸಿದಳು. ಪುಟ ತಿರುವಲು ನಿಂತಿದ್ದ ಲೌಟೆನ್‌ಶ್ಲೇಗರ್ ನಿಧಾನಭಾಗ ಮುಗಿದಾಗ ಕನ್ನಡಕ ತೆಗೆದು ಒರೆಸಿಕೊಂಡ. ಲಂಗದ ಮಾತು ಮತ್ತೆ ಎತ್ತಲಿಲ್ಲ. ಬೇಸಿಗೆಯುದ್ದಕ್ಕೂ ಅವಳು ಎಡಗೈಯನ್ನು ಬೆಚ್ಚಗಿಟ್ಟಳು, ವೈದ್ಯರಿಗೆ ತೋರಿಸಿದಳು. ಏನೂ ಇಲ್ಲ ಎಂದರು ಅವರು.

ಆಗಸ್ಟಿನ ಒಂದು ಬೆಳಿಗ್ಗೆ ಚಿಕೋರಿ ಕಾಫಿಯ ಬಟ್ಟಲು ಅವಳ ಎಡಗೈಯಿಂದ ಜಾರಿ ಬಿತ್ತು. ಕೈ ಮತ್ತೆ ಏಳಲಿಲ್ಲ. ಬಲಗೈಯಿಂದ ಚೂರುಗಳನ್ನು ಒಂದೊಂದಾಗಿ ಆಯ್ದಳು. ಆವತ್ತೂ ನಾಲ್ಕು ಗಂಟೆಗೆ ಪಿಯಾನೋ ಮುಂದೆ ಕೂತಳು, ಬರೀ ಮೇಲಿನ ರಾಗ ನುಡಿಸಿದಳು.

ಆಮೇಲೆ ಹುಲ್ಡಾ ಹೊಲಿಗೆಯನ್ನು ಕೆಳಗೇ ತಂದು ಅವಳ ಪಕ್ಕದಲ್ಲಿ ಕೂರತೊಡಗಿದಳು. ಜನವರಿಯಲ್ಲಿ ಒಂದು ದಿನ ಒಟಿಲಿಯೆ ತಿರುಗಿ ನೋಡದೆ ಕೇಳಿದಳು:

"ಮುಂದಿನದು ಈಗಲೂ ಕೇಳಿಸುತ್ತಾ?"

"ಕೇಳಿಸುತ್ತೆ," ಎಂದಳು ಹುಲ್ಡಾ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಮೂರು ಸಲ ಪ್ರಯತ್ನಿಸಿದರೂ ದಾರ ಸೂಜಿಯ ಕಣ್ಣೊಳಗೆ ಹೋಗಲಿಲ್ಲ.

"ಸರಿ," ಎಂದು ಒಟಿಲಿಯೆ ಮೊದಲಿನಿಂದ ಶುರುಮಾಡಿದಳು.

ಅವಳು ಮೇ ತಿಂಗಳಲ್ಲಿ ತೀರಿಕೊಂಡಳು. ಸೊನಾಟದ ಹಾಳೆಗಳನ್ನು ಲೌಟೆನ್‌ಶ್ಲೇಗರ್ ಕೊಂಡೊಯ್ದ. ಹುಲ್ಡಾ ಅದೇ ವಾರ ಮನೆ ಬಿಟ್ಟು ತಂಗಿಯ ಊರಿಗೆ ಹೊರಟಳು. ಯಾಕೆಂದು ಕೇಳಿದವರಿಗೆ, ಸೆಪ್ಟೆಂಬರಿನಲ್ಲೇ ಮುಂದಿನದು ನನಗೆ ಕೇಳಿಸೋದು ನಿಂತುಹೋಗಿತ್ತು, ಆವಾಗಿಂದ್ಲೇ ಆ ಮನೆಯಲ್ಲಿ ಇರೋಕೆ ಆಗ್ತಿರಲಿಲ್ಲ, ಟೀಚರಮ್ಮನಿಗೋಸ್ಕರ ಇದ್ದೆ ಅಂದಳು.