ತೊಳೆಯುವುದೂ ಪರೀಕ್ಷೆಯೇ

ತರಕಾರಿ ಹೆಚ್ಚುವ ಯಂತ್ರ ತಯಾರಿಸುವ ಆ ಮನೆತನದಲ್ಲಿ ಮಾವನ ಕಾಲದಿಂದಲೂ ಒಂದು ಪದ್ಧತಿ: ಹೊಸ ಮಾದರಿ ಮೊದಲು ಮನೆಯ ಅಡುಗೆಮನೆಗೇ ಬರಬೇಕು. ಗಂಡಸರು ಗಡಿಯಾರ ಹಿಡಿದು ವೇಗ ಅಳೆದು, ಬೆನ್ನು ತಟ್ಟಿಕೊಂಡು ಹೋಗುತ್ತಿದ್ದರು. ಬ್ಲೇಡಿನ ಸಂದಿಗೆ ಸಿಕ್ಕಿದ ಸಿಪ್ಪೆಯನ್ನು ಸೊಸೆ ಕಡ್ಡಿಯಿಂದ ಕೆದಕುತ್ತಿದ್ದಳು. ಬ್ಲೇಡು ಕಳಚುವಂತಿರಲಿ ಎಂಬ ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಈ ಸಲ ಅವಳು ಕೈ ಒರೆಸಿಕೊಂಡು ಕುರ್ಚಿ ಎಳೆದು ಕೂತಳು.

"ತೊಳೆಯೋದೂ ಪರೀಕ್ಷೇನೇ ಅಲ್ವೇನ್ರೀ? ಗಡಿಯಾರ ನಾನು ಹಿಡ್ಕೋತೀನಿ."

ಗಂಡ ನಗುತ್ತಲೇ ಅಂಗಿಯ ತೋಳು ಮಡಿಚಿ ಯಂತ್ರ ತೊಳೆಯಲು ನಿಂತ. ಸ್ವಲ್ಪ ಹೊತ್ತಿಗೆ ನಗು ಇಳಿಯಿತು. "ಬಿಚ್ಚೋಕೇ ಬರಲ್ವಲ್ಲೇ. ಯಾವ ಪುಣ್ಯಾತ್ಮ ಮಾಡಿದ್ದು ಇದನ್ನ?"

"ಮೊದಲು ನಿಮ್ಮಪ್ಪ, ಆಮೇಲೆ ನೀವು."

ಮರುದಿನ ಯಂತ್ರ ಕಾರ್ಖಾನೆಗೆ ವಾಪಸ್ಸಾಯಿತು. ಕಳಚುವ ಬ್ಲೇಡಿನೊಂದಿಗೆ ಅದು ತಿರುಗಿ ಬಂದ ದಿನವೂ ಗಡಿಯಾರ ಹಿಡಿದು ಕೂತ ಅವಳು ಕುರ್ಚಿಯಿಂದ ಏಳಲಿಲ್ಲ.